ದುಬಾರಿ ಪೈಪು ಕೊಳ್ಳುವವರು ಬೆಂಕಿ ಹಚ್ಚುವ ಮೊದಲು ಅದರ ಒಳಗನ್ನು ನೋಡಿ

ತಂಬಾಕು ಸೇದುವ ಪೈಪನ್ನು ದೊಡ್ಡ ಬೆಲೆ ಕೊಟ್ಟು ಕೊಳ್ಳಲು ಹೊರಟವರಿಗೆ ಮೊದಲೇ ತಿಳಿದಿರಬೇಕಾದ ಸಂಗತಿಯೊಂದಿದೆ. ಒಮ್ಮೆ ತಂಬಾಕು ತುಂಬಿ ಸೇದಿದ ಪೈಪನ್ನು ಸಾಮಾನ್ಯವಾಗಿ ಯಾವ ಮಾರಾಟಗಾರರೂ ವಾಪಸು ಪಡೆಯುವುದಿಲ್ಲ. ಬಾಯಿಗಿಟ್ಟ ವಸ್ತುವಾದ್ದರಿಂದ ಈ ನಿಯಮದಲ್ಲಿ ತಪ್ಪೇನೂ ಇಲ್ಲ. ಆದರೆ ಪೈಪಿನ ದೋಷಗಳು ಕೊಂಡವನ ಅರಿವಿಗೆ ಬರುವುದು ಬೆಂಕಿ ತಗುಲಿದ ಮೇಲೆಯೇ ಎಂಬುದನ್ನು ಚೆನ್ನಾಗಿ ಬಲ್ಲ ವ್ಯಾಪಾರಿಗೆ ಇದೇ ನಿಯಮ ಗುರಾಣಿಯಾಗುತ್ತದೆ. ನನ್ನ ವಿಷಯದಲ್ಲಿ ಹಾಗೆಯೇ ಆಯಿತು. ಇಂಥ ವ್ಯಾಪಾರ ಒಬ್ಬರದ್ದೇ ಅಲ್ಲವಾದ್ದರಿಂದ ಮಾರಿದವರ ಹೆಸರನ್ನು ಬರೆಯದೆ, ನಡೆದದ್ದನ್ನು ಮಾತ್ರ ಬರೆಯುತ್ತಿದ್ದೇನೆ.

ಪೂರ್ತಿ ಕೈಕೆಲಸದ್ದು, ಬ್ರಯರ್ ಎಂಬ ಮರದ ಆಯ್ದ ಗಂಟಿನಿಂದ ಕಡೆದದ್ದು, ಮೇಲಿನಿಂದ ಕೆಳಗಿನವರೆಗೆ ನೇರವಾಗಿ ಇಳಿದ ಎಳೆಗಳುಳ್ಳದ್ದು, ಮರದ ಕುಳಿ ಮುಚ್ಚಲು ಎಲ್ಲಿಯೂ ಪುಟ್ಟಿ ತುಂಬದೆ ಇರುವಂಥದ್ದು ಎಂದು ಹೇಳಿ ಆ ಪೈಪನ್ನು ನನಗೆ ಮಾರಲಾಯಿತು. ಅದಕ್ಕೆ ಕೊಟ್ಟ ಹಣದಲ್ಲಿ ಮೆಕ್ಕೆಜೋಳದ ದಿಂಡಿನ ಪೈಪುಗಳನ್ನು ಆಯುಷ್ಯಕ್ಕೆ ಸಾಕಾಗುವಷ್ಟು ಕೊಳ್ಳಬಹುದಿತ್ತು. ನೋಡಲು ಸೊಗಸಾಗಿಯೇ ಇತ್ತೆನ್ನಬೇಕು. ಕಡುಗೆಂಪು ಬಣ್ಣ, ಮುಖ ಕಾಣುವಷ್ಟು ಹೊಳಪು, ತಂಬಾಕು ತುಂಬುವ ಬಟ್ಟಲಿನಿಂದ ಹೊರಟ ಕತ್ತಿನ ತುದಿಗೆ ಬಿಳಿ ಲೋಹದ ಪಟ್ಟಿ, ಬಾಯಿಕೊಳವೆಯ ಮೇಲೆ ದಂತದ ಬಣ್ಣದ ಚುಕ್ಕೆ, ಇಡಲು ಮಖಮಲ್ಲು ಹಾಸಿದ ಪೆಟ್ಟಿಗೆ, ಜೊತೆಗೊಂದು ಪ್ರಮಾಣಪತ್ರ.

ಮೊದಲ ಬಟ್ಟಲು ಅರ್ಧ ಉರಿಯುವಷ್ಟರಲ್ಲಿ ಕೊಳವೆಯೊಳಗಿಂದ ಗುಳುಗುಳು ಸದ್ದು ಕೇಳತೊಡಗಿತು, ಆಮೇಲೆ ಕಹಿ ನೀರು ನಾಲಿಗೆಗೇ ಬಂತು. ಹೊಸ ಪೈಪು ಪಳಗಲು ಸ್ವಲ್ಪ ಕಾಲ ಬೇಕು ಎಂಬುದು ನಿಜ. ಒಳಗೋಡೆಗೆ ಇದ್ದಿಲಿನ ತೆಳುವಾದ ಪದರ ಕಟ್ಟಿಕೊಂಡ ಮೇಲೆ ಹಸಿ ಮರದ ರುಚಿ ಹೋಗುತ್ತದೆ, ಬಟ್ಟಲು ಬೇಗ ಕಾಯುವುದೂ ಕಡಿಮೆಯಾಗುತ್ತದೆ. ಹೀಗೆಂದುಕೊಂಡು ಸೇದುತ್ತಲೇ ಹೋದಂತೆ ನೀರು ನಿಲ್ಲಲಿಲ್ಲ, ಮೇಲಿನ ವಾರ್ನಿಷ್ ಸಣ್ಣ ಸಣ್ಣ ಗುಳ್ಳೆಗಳಾಗಿ ಎದ್ದಿತು. ಗುಳ್ಳೆ ಉದುರಿದ ಕಡೆಗಳಲ್ಲಿ ಮಾಸಲು ಗುಲಾಬಿ ಬಣ್ಣದ ಚುಕ್ಕೆಗಳು ಕಂಡವು. ಅವೇ ಪುಟ್ಟಿ ತುಂಬಿದ ಜಾಗಗಳು; ಪುಟ್ಟಿ ಮರದಂತೆ ಬಣ್ಣ ಹೀರುವುದಿಲ್ಲವಾದ್ದರಿಂದ ಮೇಲಿನ ಹೊದಿಕೆ ಹೋದೊಡನೆ ಗುಟ್ಟು ಬಯಲಾಗುತ್ತದೆ. ಕಡೆಗೆ ಬಟ್ಟಲಿನ ಒಂದು ಪಕ್ಕ ಬೆರಳು ತಾಗಿಸಲಾಗದಷ್ಟು ಕಾದು, ಹೊರಮೈಯಲ್ಲಿ ಕಪ್ಪು ಕಲೆ ಮೂಡಿತು. ಒಳಗಿನಿಂದ ಮರ ಸುಟ್ಟುಕೊಂಡು ಹೊರಗೆ ಬರುತ್ತಿದೆ ಎಂಬುದಕ್ಕೆ ಅದು ಗುರುತು. ಅಲ್ಲಿಗೆ ಆ ಪೈಪಿನ ಕಥೆ ಮುಗಿಯಿತು.

ಮುಗಿದ ಮೇಲೆ ಅದನ್ನು ಬಿಚ್ಚಿ ನೋಡಿದೆ. ತಂತಿಗೆ ಹತ್ತಿಯ ನವಿರು ಸುತ್ತಿದ ಪೈಪ್ ಕ್ಲೀನರ್ ಕಡ್ಡಿಯನ್ನು ಬಾಯಿಕೊಳವೆಯ ತುದಿಯಿಂದ ತೂರಿಸಿದರೆ ಅದು ಕತ್ತಿನ ನಡುವೆ ಒಂದು ಕಡೆ ತಡೆದು ನಿಲ್ಲುತ್ತಿತ್ತು. ಬಾಯಿಕೊಳವೆಯನ್ನು ಕಳಚಿದಾಗ ಕಾರಣ ತಿಳಿಯಿತು. ಕತ್ತಿನ ಕುಳಿ ಬೇಕಾದುದಕ್ಕಿಂತ ಆಳವಾಗಿತ್ತು, ಅದರೊಳಗೆ ಕೂರುವ ಬಾಯಿಕೊಳವೆಯ ಸಪೂರ ತುದಿ, ಅಂದರೆ ಮೊಳೆ, ಗಿಡ್ಡವಾಗಿತ್ತು. ಎರಡರ ನಡುವೆ ಉಳಿದ ಖಾಲಿ ಜಾಗದಲ್ಲಿ ಬಿಸಿ ಹೊಗೆ ಒಮ್ಮೆಲೇ ಹಿಗ್ಗಿ, ತಣಿದು, ನೀರಾಗಿ ನಿಲ್ಲುತ್ತಿತ್ತು. ತಂಬಾಕಿನಲ್ಲಿ ತೇವವಿದ್ದೇ ಇರುತ್ತದೆ, ಉರಿಯುವಾಗಲೂ ನೀರಿನ ಆವಿ ಹುಟ್ಟುತ್ತದೆ. ಅದು ಎಲ್ಲಿಯೂ ತಂಗದೆ ಹಾದುಹೋಗುವ ದಾರಿ ಮಾಡಿಕೊಡುವುದೇ ಪೈಪು ಮಾಡುವವನ ಮುಖ್ಯ ಕೆಲಸ. ಇನ್ನು ಬಟ್ಟಲಿನೊಳಗೆ ನೋಡಿದರೆ, ತಳಕ್ಕೆ ಸರಿಯಾಗಿ ತೆರೆದುಕೊಳ್ಳಬೇಕಾದ ಹೊಗೆಯ ರಂಧ್ರ ಗೋಡೆಯಲ್ಲಿ ಸಾಕಷ್ಟು ಮೇಲಕ್ಕೆ ತೆರೆದುಕೊಂಡಿತ್ತು. ರಂಧ್ರದಿಂದ ಕೆಳಗಿನ ತಂಬಾಕಿನ ಮೂಲಕ ಗಾಳಿ ಹರಿಯುವುದಿಲ್ಲ. ಅದು ಪ್ರತಿಸಲವೂ ಉರಿಯದೆ ಕೆಸರಾಗಿ ಉಳಿಯುತ್ತಿತ್ತು. ಒಳಗೋಡೆಗೆ ಬಳಿದಿದ್ದ ಕಪ್ಪು ಲೇಪವನ್ನು ಚಾಕುವಿನ ಮೊಂಡು ಬದಿಯಿಂದ ಕೆರೆದಾಗ ಕಪ್ಪು ಕಲೆಯ ನೇರಕ್ಕೆ ಒಂದು ಸೀಳು, ಅದರೊಳಗೆ ಸುಟ್ಟು ಪುಡಿಯಾದ ಪುಟ್ಟಿ ಸಿಕ್ಕಿತು. ಬಾಯಿಕೊಳವೆಯ ಅಂಚಿನ ಮೇಲೆ ಉಗುರು ಎಳೆದರೆ ಉದ್ದಕ್ಕೂ ಸಣ್ಣ ಏಣು ತಾಗುತ್ತಿತ್ತು. ಅಚ್ಚಿನ ಎರಡು ಹೋಳು ಸೇರುವ ಕಡೆ ಉಳಿಯುವ ಗೆರೆಯದು. ಕೈಯಿಂದ ಕೊರೆದ ಕೊಳವೆಯಲ್ಲಿ ಅದು ಇರಲು ಕಾರಣವಿಲ್ಲ.

ಇದನ್ನೆಲ್ಲ ಚಿತ್ರಸಹಿತ ಬರೆದು ಕಳಿಸಿದಾಗ ಬಂದ ಉತ್ತರಗಳನ್ನು ಹೇಳಲೇಬೇಕು, ಏಕೆಂದರೆ ನಿಮಗೂ ಇವೇ ಬರುತ್ತವೆ. ನಾನು ಬಹಳ ವೇಗವಾಗಿ ಸೇದುತ್ತಿದ್ದೇನೆ ಎಂಬುದು ಮೊದಲನೆಯದು. ವೇಗವಾಗಿ ಸೇದಿದರೆ ಪೈಪು ಕಾಯುವುದೂ ನೀರಾಗುವುದೂ ಹೌದು, ಆದರೆ ಅದೇ ತಂಬಾಕನ್ನು ಅದೇ ವೇಗದಲ್ಲಿ ನನ್ನ ಹಳೆಯ ದಿಂಡಿನ ಪೈಪಿನಲ್ಲಿ ಸೇದಿದರೆ ಕೊನೆಯಲ್ಲಿ ಉಳಿಯುವುದು ಒಣ ಬೂದಿ ಮಾತ್ರ. ಬ್ರಯರ್ ಪ್ರಕೃತಿಯ ವಸ್ತು, ಅದರಲ್ಲಿ ಸಣ್ಣ ಕುಳಿಗಳು ಸಹಜ ಎಂಬುದು ಎರಡನೆಯದು. ಈ ಮಾತೂ ನಿಜವೇ, ಆದರೆ ಪುಟ್ಟಿಯೇ ಇಲ್ಲವೆಂದು ಬರೆದುಕೊಟ್ಟು ಬೆಲೆ ಏರಿಸಿದ್ದವರ ಬಾಯಲ್ಲಿ ಅದು ಒಪ್ಪುವುದಿಲ್ಲ. ಮೂರನೆಯದಾಗಿ, ಸೇದಿದ ಪೈಪು ವಾಪಸಿಲ್ಲ ಎಂದರು. ರಂಧ್ರ ಎಲ್ಲಿದೆ ಎಂಬುದಕ್ಕೂ ಸೇದುವುದಕ್ಕೂ ಏನು ಸಂಬಂಧ ಎಂದು ಕೇಳಿದ್ದಕ್ಕೆ ಉತ್ತರವೇ ಬರಲಿಲ್ಲ.

ದುಬಾರಿ ಪೈಪುಗಳೆಲ್ಲ ಮೋಸವೆಂದು ಇದರರ್ಥವಲ್ಲ. ಬೆಲೆ ಯಾವುದಕ್ಕೆ ಸಲ್ಲುತ್ತದೆ ಎಂಬುದನ್ನು ತಿಳಿದು ಕೊಡಬೇಕು, ಅಷ್ಟೆ. ಬ್ರಯರ್ ಎನ್ನುವುದು ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ಒಣ ಗುಡ್ಡಗಳಲ್ಲಿ ಬೆಳೆಯುವ ಎರಿಕಾ ಆರ್ಬೋರಿಯಾ ಎಂಬ ಪೊದೆಗಿಡದ ಬೇರಿಗೂ ಕಾಂಡಕ್ಕೂ ನಡುವೆ ಹಲವು ದಶಕಗಳಲ್ಲಿ ಬಲಿಯುವ ಗಂಟು. ಅದನ್ನು ಅಗೆದು ತೆಗೆದು, ತುಂಡು ಮಾಡಿ, ರಸ ಬಿಡುವವರೆಗೆ ಗಂಟೆಗಟ್ಟಲೆ ಕುದಿಸಿ, ತಿಂಗಳುಗಟ್ಟಲೆ ನೆರಳಿನಲ್ಲಿ ಒಣಗಿಸುತ್ತಾರೆ. ಫ್ರಾನ್ಸಿನ ಜುರಾ ಬೆಟ್ಟಗಳ ಸೇಂಟ್ ಕ್ಲೋದ್ ಪಟ್ಟಣದಲ್ಲಿ 19ನೆಯ ಶತಮಾನದ ಮಧ್ಯಭಾಗದಿಂದಲೂ ಈ ಮರದಿಂದ ಪೈಪು ಕಡೆಯುತ್ತಿದ್ದಾರೆ. ಬೇಗ ಹೊತ್ತಿಕೊಳ್ಳದ, ತೇವ ಹೀರುವ ಈ ಗುಣ ಅಗ್ಗದ ಬ್ರಯರ್ ತುಂಡಿಗೂ ಇದೆ, ದುಬಾರಿ ತುಂಡಿಗೂ ಇದೆ. ಬೆಲೆಯನ್ನು ಏರಿಸುವುದು ಎಳೆಗಳ ಅಂದ. ಕಲೆಯಿಲ್ಲದೆ ಸುತ್ತಲೂ ನೇರ ಎಳೆ ಬಂದಿರುವ ತುಂಡು ಅಪರೂಪ, ಅದನ್ನು ಗುರುತಿಸಿ ಕಡೆಯುವ ಕೈಯೂ ಅಪರೂಪ. ಕೋಪನ್‌ಹೇಗನ್ನಿನಲ್ಲಿ ಪೈಪು ಕಡೆಯುವ ಕೆಲಸ ಮಾಡಿದ ಸಿಕ್ಸ್‌ಟನ್ ಇವಾರ್ಸನ್ ಅವರಂಥವರು ಎಳೆ ಹೋದ ದಾರಿಯಲ್ಲಿ ಆಕಾರವನ್ನೇ ಬಾಗಿಸಿದರು. ಅಂಥ ಪೈಪಿಗೆ ಕೊಡುವ ಹಣ ಶಿಲ್ಪಕ್ಕೆ ಕೊಡುವ ಹಣ. ಕೈಯಿಂದ ಕೊರೆದು, ಹಲ್ಲಿನ ನಡುವೆ ಇದೆಯೆಂಬುದೇ ಮರೆಯುವಷ್ಟು ತೆಳುವಾಗಿಸಿದ ಬಾಯಿಕೊಳವೆಯ ಸುಖವೂ ಸುಳ್ಳಲ್ಲ. ಆದರೆ ಎಳೆಗೆ ರುಚಿಯಿಲ್ಲ. ಕಣ್ಣು ಮುಚ್ಚಿ ಸೇದಿದರೆ ನೇರ ಎಳೆಯ ಪೈಪಿಗೂ ಅಡ್ಡ ಎಳೆಯ ಪೈಪಿಗೂ ವ್ಯತ್ಯಾಸ ಹೇಳಬಲ್ಲವರನ್ನು ನಾನು ಕಂಡಿಲ್ಲ.

ನನ್ನ ಪೈಪಿನ ಬಾಯಿಕೊಳವೆಯ ಮೇಲಿದ್ದ ಚುಕ್ಕೆಯ ಬಗ್ಗೆಯೂ ಒಂದು ಮಾತು. ಲಂಡನ್ನಿನ ಡ್ಯೂಕ್ ಸ್ಟ್ರೀಟ್‌ನಲ್ಲಿ 1907ರಲ್ಲಿ ಅಂಗಡಿ ತೆರೆದ ಆಲ್ಫ್ರೆಡ್ ಡನ್‌ಹಿಲ್ ಅವರ ಸಂಸ್ಥೆಯ ಪೈಪುಗಳ ಬಾಯಿಕೊಳವೆಯ ಮೇಲಿನ ಬಿಳಿ ಚುಕ್ಕೆ ಜಗತ್ತಿಗೆಲ್ಲ ಗೊತ್ತು. ಚುಕ್ಕೆ ಕಂಡೊಡನೆ ಐಷಾರಾಮ ನೆನಪಾಗುವುದರಿಂದ, ಯಾವ ಹಿನ್ನೆಲೆಯೂ ಇಲ್ಲದವರು ಕೂಡ ತಮ್ಮ ಪೈಪಿಗೊಂದು ಚುಕ್ಕೆ ಅಂಟಿಸುತ್ತಾರೆ. ಚುಕ್ಕೆಯನ್ನೂ ಪ್ರಮಾಣಪತ್ರವನ್ನೂ ಬೆಲೆಗೆ ಆಧಾರವೆಂದು ಒಪ್ಪಿಕೊಳ್ಳಬೇಡಿ.

ಅಗ್ಗದ ಪೈಪುಗಳ ಕಡೆಗೆ ಬಂದರೆ, ಮೆಕ್ಕೆಜೋಳದ ದಿಂಡಿನ ಪೈಪಿಗೆ ಸಲ್ಲಬೇಕಾದ ಗೌರವ ಸಂದಿಲ್ಲ. ಅಮೆರಿಕದ ಮಿಸೌರಿ ರಾಜ್ಯದ ವಾಷಿಂಗ್ಟನ್ ಎಂಬ ಪುಟ್ಟ ಊರಿನಲ್ಲಿ ಹೆನ್ರಿ ಟಿಬ್ಬಿ ಎಂಬ ಮರಗೆಲಸದವರು 1869ರಲ್ಲಿ ಇದರ ತಯಾರಿಕೆಯನ್ನು ಆರಂಭಿಸಿದರು. ದಿಂಡಿನ ಹೊರಮೈಗೆ ಗಾರೆಯಂಥ ಲೇಪ ತುಂಬಿ ನುಣುಪು ಮಾಡುವ ವಿಧಾನಕ್ಕೆ 1878ರಲ್ಲಿ ಪೇಟೆಂಟ್ ದೊರೆಯಿತು. ಇದಕ್ಕೆ ಪಳಗುವ ಕಾಲವೇ ಹೆಚ್ಚು ಬೇಡ, ತೇವವನ್ನು ಚೆನ್ನಾಗಿ ಹೀರುತ್ತದೆ, ಕೈಯಲ್ಲಿ ಹಗುರ. ಬಾಯಿಕೊಳವೆ ಪ್ಲಾಸ್ಟಿಕ್ಕಿನದು, ಆಯುಷ್ಯ ಬ್ರಯರಿನಷ್ಟಿಲ್ಲ, ನೋಟಕ್ಕೆ ಬಡವ. ಆದರೂ ಹೊಸಬರು ಇದರಿಂದಲೇ ಆರಂಭಿಸಲಿ ಎಂಬುದು ನನ್ನ ಖಚಿತ ಅಭಿಪ್ರಾಯ. ದೊಡ್ಡ ಕಾರ್ಖಾನೆಗಳು ಎರಡನೆಯ ದರ್ಜೆಯೆಂದು ಬೇರೆ ಹೆಸರಿನಲ್ಲಿ ಮಾರುವ ಬ್ರಯರ್ ಪೈಪುಗಳೂ ಒಳ್ಳೆಯ ಆಯ್ಕೆ. ಅವುಗಳಲ್ಲಿ ಪುಟ್ಟಿ ಇರುತ್ತದೆ, ಅದನ್ನು ಅವರು ಮುಚ್ಚಿಡುವುದಿಲ್ಲ, ರಂಧ್ರವನ್ನು ಮಾತ್ರ ಮೊದಲ ದರ್ಜೆಯದನ್ನು ಕೊರೆದ ಯಂತ್ರವೇ ಕೊರೆದಿರುತ್ತದೆ. ಯಾವ ಮರವೆಂದೇ ಹೇಳದೆ ದಪ್ಪ ವಾರ್ನಿಷ್ ಬಳಿದು ಮಾರುವ ಅಲಂಕಾರದ ಪೈಪುಗಳಿಂದ ಮಾತ್ರ ದೂರವಿರಿ. ಅವು ಗೋಡೆಯ ಮೇಲೆ ತೂಗುಹಾಕಲು ಸರಿ.

ಸೇದುವ ಸುಖದ ಬಹುಪಾಲು ಪೈಪಿನ ಹೊರಗೇ ಇದೆ ಎಂಬುದನ್ನು ಐಷಾರಾಮದ ವ್ಯಾಪಾರ ಹೇಳುವುದಿಲ್ಲ. ಒದ್ದೆಯಾದ ತಂಬಾಕನ್ನು ಬೆರಳ ನಡುವೆ ಹಿಂಡಿದರೆ ಅದು ಉಂಡೆಯಾಗಿಯೇ ಉಳಿಯುತ್ತದೆ. ಸ್ವಲ್ಪ ಹೊತ್ತು ಹರಡಿಟ್ಟು, ಹಿಂಡಿದ ಮೇಲೆ ತಾನಾಗಿ ಬಿಡಿಸಿಕೊಳ್ಳುವಷ್ಟು ಒಣಗಿಸಿ ತುಂಬಬೇಕು. ತಳದಲ್ಲಿ ಸಡಿಲವಾಗಿ, ಮೇಲೆ ಹೋದಂತೆ ತುಸು ಬಿಗಿಯಾಗಿ ತುಂಬಿ, ಮೊದಲು ಹಚ್ಚಿದಾಗ ಉಬ್ಬುವ ಎಲೆಯನ್ನು ಮೆಲ್ಲಗೆ ಒತ್ತಿ, ಎರಡನೆಯ ಸಲ ಹಚ್ಚಿ, ಆರಿಹೋಗುತ್ತದೆಯೇನೋ ಎನ್ನುವಷ್ಟು ನಿಧಾನವಾಗಿ ಎಳೆಯಬೇಕು. ವರ್ಜೀನಿಯಾ ಎಲೆಯಲ್ಲಿ ಸಕ್ಕರೆ ಹೆಚ್ಚು, ಅವಸರಪಟ್ಟರೆ ನಾಲಿಗೆ ಚುರುಗುಟ್ಟುತ್ತದೆ; ಲಟಾಕಿಯಾ ಸೌದೆಯ ಹೊಗೆಯಲ್ಲಿ ಹದಗೊಂಡ ಎಲೆ, ಅದರ ವಾಸನೆ ಒಂದೇ ಪೈಪಿನಲ್ಲಿ ಬಹುಕಾಲ ಉಳಿಯುತ್ತದೆ. ಒಂದೇ ದುಬಾರಿ ಪೈಪಿಟ್ಟುಕೊಂಡು ಎಲ್ಲ ಬಗೆಯ ತಂಬಾಕನ್ನೂ ಅದರಲ್ಲಿಯೇ ಸೇದುವವರಿಗಿಂತ, ಎರಡು ಮೂರು ಸಾಧಾರಣ ಪೈಪುಗಳನ್ನು ಸರದಿಯಲ್ಲಿ ಒಣಗಲು ಬಿಟ್ಟು ಸೇದುವವರು ಹೆಚ್ಚು ಸುಖಿಗಳು.

ನನ್ನ ಪೈಪಿನ ಜೊತೆ ಬಂದ ಪ್ರಮಾಣಪತ್ರದಲ್ಲಿ, ಅದರ ವಿಶೇಷ ಫಿಲ್ಟರ್ ಹೊಗೆಯನ್ನು ನಿರಪಾಯಕಾರಿಯಾಗಿಸುತ್ತದೆ ಎಂದೂ ಬರೆದಿತ್ತು. ಇದು ಬೆಲೆಯ ಮೋಸಕ್ಕಿಂತ ದೊಡ್ಡ ಮೋಸ. ಇದ್ದಿಲಿನ ಫಿಲ್ಟರ್ ತೇವವನ್ನೂ ಒಂದಷ್ಟು ಕೊಳೆಯನ್ನೂ ಹೀರಬಹುದು, ಹೊಗೆಯನ್ನು ಶುದ್ಧ ಮಾಡಲಾರದು. ಪೈಪಿನ ಹೊಗೆಯನ್ನು ಎದೆಗೆ ಎಳೆಯದಿದ್ದರೂ ನಿಕೋಟಿನ್ ಬಾಯಿಯ ಒಳಪದರದಿಂದಲೇ ರಕ್ತಕ್ಕೆ ಸೇರುತ್ತದೆ. ತುಟಿ, ಬಾಯಿ, ಗಂಟಲು, ಶ್ವಾಸಕೋಶಗಳ ಕ್ಯಾನ್ಸರಿಗೆ ಪೈಪು ಸೇದುವುದು ಕಾರಣವಾಗುತ್ತದೆ. ಸೇದುವವರು ಇದನ್ನು ತಿಳಿದೇ ಸೇದಬೇಕು, ಸೇದದವರು ಆರಂಭಿಸಲು ಒಳ್ಳೆಯ ಪೈಪು ಎಂಬುದು ಕಾರಣವಾಗಬಾರದು. ಆರೋಗ್ಯದ ಭರವಸೆ ಕೊಟ್ಟು ಪೈಪು ಮಾರುವವರು ಉಳಿದ ವಿಷಯಗಳಲ್ಲಿಯೂ ನಿಜ ಹೇಳುತ್ತಾರೆಂದು ನಂಬಲು ಆಧಾರವಿಲ್ಲ.

ಪೈಪು ಕೈಗೆ ಬಂದೊಡನೆ, ತಂಬಾಕಿನ ಡಬ್ಬಿ ತೆರೆಯುವ ಮೊದಲು, ಬಾಯಿಕೊಳವೆಯನ್ನು ಕಳಚದೆ ಪೈಪ್ ಕ್ಲೀನರ್ ತೂರಿಸಿ. ಅದು ಎಲ್ಲಿಯೂ ತಡೆಯದೆ ಬಟ್ಟಲಿನ ತಳಕ್ಕೆ, ತಳದ ನಡುವಿಗೆ ಬಂದು ಮುಟ್ಟಬೇಕು. ತೀರ ಬಾಗಿದ ಪೈಪುಗಳಲ್ಲಿ ಹಾಗೂ ಕತ್ತಿನೊಳಗೆ ನೀರು ತಂಗಲೆಂದೇ ಗುಂಡಿ ಮಾಡಿದ ಪೀಟರ್ಸನ್ ಮಾದರಿಯಲ್ಲಿ ಈ ಪರೀಕ್ಷೆ ನಡೆಯದು, ಉಳಿದವುಗಳಲ್ಲಿ ವಿನಾಯಿತಿ ಬೇಡ. ಆಮೇಲೆ ಕಳಚಿ, ಕುಳಿಯ ಆಳವನ್ನೂ ಮೊಳೆಯ ಉದ್ದವನ್ನೂ ಒಂದು ಕಡ್ಡಿಯಿಂದ ಅಳೆದು ಹೋಲಿಸಿ. ಬಟ್ಟಲಿನೊಳಗೆ ಬೆಳಕು ಬಿಟ್ಟು ನೋಡಿ. ಒಳಲೇಪ ಇರುವುದೇ ದೋಷವಲ್ಲ, ಒಳ್ಳೆಯ ತಯಾರಕರೂ ಬಳಿಯುತ್ತಾರೆ; ಬೆಲೆ ಹೆಚ್ಚಿರುವಾಗ ಲೇಪವಿಲ್ಲದ್ದನ್ನು ಕೇಳುವ ಹಕ್ಕು ಮಾತ್ರ ನಿಮಗಿದೆ. ಹೊರಮೈಯ ಹೊಳಪು ಮೇಣದ್ದೋ ವಾರ್ನಿಷಿನದ್ದೋ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ದೋಷ ಕಂಡರೆ ಅದೇ ದಿನ ಚಿತ್ರ ತೆಗೆದು ತಿಳಿಸಿ, ಒಂದು ಚಿಟಿಕೆ ತಂಬಾಕನ್ನೂ ಅದರೊಳಗೆ ಹಾಕಬೇಡಿ.

ಬಳಸಿದ ಹೆಸರಾಂತ ಪೈಪನ್ನು ಅರ್ಧ ಬೆಲೆಗೆ ಕೊಳ್ಳುವವರಿಗೆ ಇನ್ನೊಂದು ತೊಡಕಿದೆ. ಒಳಗೆ ದಪ್ಪಗಟ್ಟಿದ ಇದ್ದಿಲ ಪದರ ಕಾದು ಹಿಗ್ಗಿ ಬಟ್ಟಲನ್ನೇ ಸೀಳಬಲ್ಲದು, ಮತ್ತು ಆ ಸೀಳನ್ನು ಅದೇ ಪದರ ಮುಚ್ಚಿಟ್ಟಿರುತ್ತದೆ. ಹೊರಗಿನ ಹೊಳಪಿನ ಚಿತ್ರಗಳು ಎಷ್ಟಿದ್ದರೂ ಸಾಲವು. ಪದರವನ್ನು ಕೆರೆದು ತೆಗೆದ ಒಳಗೋಡೆಯ ಚಿತ್ರವನ್ನೂ, ಬಾಯಿಕೊಳವೆ ಕಳಚಿದ ಕತ್ತಿನ ಚಿತ್ರವನ್ನೂ ಕೇಳಿ, ಅವು ಬಂದ ಮೇಲೆಯೇ ಹಣದ ಮಾತು ತೆಗೆಯಿರಿ.