ಸ್ಪ್ರಿಂಗ್ ರಿವರ್ಬ್: 6ವಿ6, 12ಎಟಿ7, ಆಪ್‌ಆಂಪ್ ಮೂರನ್ನೂ ಕಟ್ಟಿ ನೋಡಿದೆ

ಗಿಟಾರ್‌ಗೆ ರಿವರ್ಬ್, ಅಂದರೆ ಸ್ವರದ ಹಿಂದೆ ಎಳೆಯುವ ಮಾರ್ದನಿ, ಬೇಕಿದ್ದರೆ ಈಗ ಅಂಗೈಯಗಲದ ಡಿಜಿಟಲ್ ಪೆಡಲ್ ಸಾಕು. ಆದರೆ ಅದನ್ನು ಒದ್ದರೆ ಗುಡುಗುವುದಿಲ್ಲ. ನಿಜವಾದ ಸ್ಪ್ರಿಂಗ್ ಇರುವ ಪೆಟ್ಟಿಗೆಯನ್ನು ಕಾಲಲ್ಲಿ ಒಮ್ಮೆ ತಟ್ಟಿ ನೋಡಿ, ಕೋಣೆಯೊಳಗೇ ಸಿಡಿಲು ಬಡಿದ ಹಾಗಾಗುತ್ತದೆ. ನನಗೆ ಈ ಹುಚ್ಚು ಹಿಡಿದು ಒಂದೂವರೆ ವರ್ಷ ಆಯ್ತು. ಅಷ್ಟರಲ್ಲಿ ಮೂರು ಸಲ ಕಟ್ಟಿದೆ, ಎರಡು ಸಲ ಬಿಚ್ಚಿದೆ.

ಒಳಗಿನ ಕೆಲಸ ಇಷ್ಟೇ. ಗಿಟಾರ್ ಸಿಗ್ನಲ್‌ನ ಒಂದು ಪಾಲನ್ನು ಡ್ರೈವರ್ ಅನ್ನುವ ಭಾಗ ತೆಗೆದುಕೊಂಡು ಟ್ಯಾಂಕಿನ (ಸ್ಪ್ರಿಂಗ್ ಕಟ್ಟಿದ ತಗಡಿನ ತಟ್ಟೆ) ಒಂದು ತುದಿಯ ಕಾಯಿಲ್‌ಗೆ ನುಗ್ಗಿಸುತ್ತದೆ. ಅಲ್ಲಿರುವ ಪುಟ್ಟ ಅಯಸ್ಕಾಂತ ಅಲ್ಲಾಡಿ ಸ್ಪ್ರಿಂಗನ್ನು ತಿರುಚುತ್ತದೆ. ಆ ತಿರುಚು ಇನ್ನೊಂದು ತುದಿಗೆ ಹೋಗಿ ಮತ್ತೆ ಸಿಗ್ನಲ್ ಆಗುತ್ತದೆ, ಒಂದು ಪಾಲು ವಾಪಸ್ ಬಂದು ಮತ್ತೆ ಹೋಗುತ್ತದೆ. ಜಗಳ ಇರುವುದೆಲ್ಲ ಡ್ರೈವರ್ ಯಾವುದಿರಬೇಕು ಅನ್ನುವುದರಲ್ಲಿ: 6ವಿ6 ಅಥವಾ 12ಎಟಿ7 ಅನ್ನುವ ಹಳೇ ಕಾಲದ ಗಾಜಿನ ವಾಲ್ವೋ, ಆಪ್‌ಆಂಪ್ ಅನ್ನುವ ಚಿಪ್ಪೋ.

ವಾಲ್ವ್ ಹಾಕಿದ ಎರಡಕ್ಕೂ ಒಂದೇ ಟ್ಯಾಂಕ್ ಬಳಸಿದೆ: 4ಎಬಿ3ಸಿ1ಬಿ. ಮೊದಲ 4 ಅಂದರೆ ಉದ್ದದ, ಎರಡು ಸ್ಪ್ರಿಂಗಿನ ಟ್ಯಾಂಕ್. ಒಂದರಲ್ಲಿ ಸದ್ದು ದಾಟಲು 33 ಮಿಲಿಸೆಕೆಂಡ್, ಇನ್ನೊಂದರಲ್ಲಿ 41. ಎ ಅಂದರೆ 8 ಓಮ್ ಇನ್‌ಪುಟ್. ನಡುವಿನ 3 ಅಂದರೆ ಸದ್ದು ಬೇಗ ಸಾಯುವುದಿಲ್ಲ, 3-4 ಸೆಕೆಂಡ್ ಎಳೆಯುತ್ತದೆ. ಈ 8 ಓಮ್ ನನ್ನ ಮಾನ ಕಳೆಯಿತು. ಟ್ಯಾಂಕ್ ಬಂದ ದಿನ ಮೀಟರ್ ಹಚ್ಚಿದರೆ ತೋರಿಸಿದ್ದು 1 ಓಮ್‌ಗೂ ಕಡಿಮೆ. ಶಾರ್ಟ್ ಆಗಿದೆ ಅಂದುಕೊಂಡು ಮಾರಿದವರಿಗೆ ಖಾರವಾಗಿಯೇ ಬರೆದೆ. 8 ಓಮ್ ಅನ್ನುವುದು ಸದ್ದಿನ ಫ್ರೀಕ್ವೆನ್ಸಿಯಲ್ಲಿ ಅಳೆದ ಲೆಕ್ಕ, ಮೀಟರ್ ತೋರಿಸಿದ್ದು ಬರೀ ತಂತಿಯ ರೆಸಿಸ್ಟೆನ್ಸ್, ಅದು ಅಷ್ಟೇ ಇರೋದು ಅಂತ ಆಮೇಲೆ ತಿಳಿಯಿತು. ಕ್ಷಮೆ ಕೇಳಿ ಇನ್ನೊಂದು ಪತ್ರ ಹೋಯಿತು.

ಮೊದಲು ಕಟ್ಟಿದ್ದು 6ವಿ6. ಅಮೆರಿಕದ ಗಿಟಾರ್-ಆಂಪ್ ಕಂಪನಿ ಫೆಂಡರ್ 1961ರಲ್ಲಿ ತಂದ 6ಜಿ15 ರಿವರ್ಬ್ ಪೆಟ್ಟಿಗೆಯ ದಾರಿ ಇದು. ಕ್ಯಾಲಿಫೋರ್ನಿಯಾದ ಸರ್ಫ್ ಗಿಟಾರ್‌ನವರು ಹಚ್ಚಿಕೊಂಡದ್ದು ಇದನ್ನೇ. ಅದರಲ್ಲಿ ಡ್ರೈವರ್ ಆಗಿ 6ಕೆ6 ಇತ್ತು. ಆ ವಾಲ್ವ್ ಈಗ ಹಳೇ ಸ್ಟಾಕಿನಲ್ಲಿ ಹುಡುಕಬೇಕು. 6ವಿ6 ಈಗಲೂ ತಯಾರಾಗುತ್ತದೆ, ಪಿನ್‌ಗಳೂ ಅವೇ. ವಾಲ್ವನ್ನು ಕಾಯಿಸುವ ಹೀಟರ್ ಮಾತ್ರ 0.4ರ ಬದಲು 0.45 ಆಂಪಿಯರ್ ಕೇಳುತ್ತದೆ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸತ್ತ ವಾಲ್ವ್ ರೇಡಿಯೋ ಒಂದರಿಂದ ಕಿತ್ತದ್ದು. ಪವರ್ ಟ್ರಾನ್ಸ್‌ಫಾರ್ಮರನ್ನು ಬೆಂಗಳೂರಿನ ಎಸ್.ಪಿ. ರಸ್ತೆಯ ಹತ್ತಿರ 230 ವೋಲ್ಟ್‌ಗೆ ಸುತ್ತಿಸಿದೆ. ಸುತ್ತುವವರು "ಸಾರ್, ಈ ಕಾಲದಲ್ಲಿ 250-0-250 ಯಾಕೆ, ಏನು ಮಾಡ್ತೀರಿ?" ಅಂತ ಎರಡು ಸಲ ಕೇಳಿದರು.

ಇದರ ಸದ್ದೇ ಬೇರೆ. ದಪ್ಪ ತಂತಿಯನ್ನು ಅಂಗೈಯಲ್ಲಿ ಅದುಮಿ ಮೀಟಿದರೆ ಬಾವಿಗೆ ಕಲ್ಲು ಬಿದ್ದ ಹಾಗೆ 'ಟಿಪ್' ಅನ್ನುತ್ತದೆ. ಅದಕ್ಕೆ ಕಾರಣ ಬರೀ ಪವರ್ ಅಲ್ಲ. ಟ್ಯಾಂಕಿನ ಕಾಯಿಲ್‌ನ ಅಡ್ಡಿ ಫ್ರೀಕ್ವೆನ್ಸಿ ಏರಿದ ಹಾಗೆ ಏರುತ್ತದೆ. 6ವಿ6 ಥರದ ವಾಲ್ವ್ ಅದಕ್ಕೆ ಅಷ್ಟಾಗಿ ಸೊಪ್ಪು ಹಾಕದೆ ಕರೆಂಟ್ ತಳ್ಳುತ್ತಲೇ ಇರುತ್ತದೆ. ಹಾಗಾಗಿ ಮೇಲಿನ ಸ್ವರಗಳೂ ಸ್ಪ್ರಿಂಗಿಗೆ ಜೋರಾಗಿಯೇ ತಲುಪುತ್ತವೆ. ಸ್ಪ್ರಿಂಗಿಗೆ ಎಷ್ಟು ಏಟು ಬೀಳಬೇಕು ಅಂತ ಡ್ವೆಲ್ ನಾಬ್ ಹೇಳುತ್ತದೆ. ಅರ್ಧ ದಾಟಿಸಿದರೆ ನನ್ನದು ಸದ್ದನ್ನು ಕಲಸಿಬಿಡುತ್ತದೆ, ನಾನು ಮೂರರ ಮೇಲೆ ಹೋಗುವುದೇ ಅಪರೂಪ.

ಬೆಲೆ ತೆತ್ತದ್ದು ಹಮ್, ಅಂದರೆ ಗುಂಯ್ ಅನ್ನುವ ಸದ್ದಿನ ರೂಪದಲ್ಲಿ. ಟ್ಯಾಂಕಿನ ಔಟ್‌ಪುಟ್ ತುದಿ ಅಂದರೆ ಒಂದು ಕಾಯಿಲ್. ಪವರ್ ಟ್ರಾನ್ಸ್‌ಫಾರ್ಮರ್ ಪಕ್ಕದಲ್ಲಿದ್ದರೆ ಅದು ಮೇನ್ಸ್‌ನ 50 ಹರ್ಟ್ಸ್‌ ಅನ್ನೂ ನಿಷ್ಠೆಯಿಂದ ಹಿಡಿಯುತ್ತದೆ. ನಾನು ಸರಿಯಾಗಿ ಪಕ್ಕದಲ್ಲೇ ಕೂರಿಸಿದ್ದೆ. ಗ್ರೌಂಡ್ ತಂತಿ ಬದಲಿಸಿದೆ, ಫಿಲ್ಟರ್ ಕೆಪ್ಯಾಸಿಟರ್ ದೊಡ್ಡದು ಹಾಕಿದೆ, ನಡುವೆ ಅಲ್ಯೂಮಿನಿಯಂ ತಗಡು ನಿಲ್ಲಿಸಿದೆ. ಏನೂ ಆಗಲಿಲ್ಲ. ಅಲ್ಯೂಮಿನಿಯಂ ಈ ಕಾಂತಕ್ಷೇತ್ರವನ್ನು ತಡೆಯುವುದೇ ಇಲ್ಲ. ಎರಡು ಭಾನುವಾರ ಹಾಳಾದ ಮೇಲೆ ಸುಮ್ನೆ ಟ್ಯಾಂಕನ್ನು ಉಲ್ಟಾ ತಿರುಗಿಸಿ, ಔಟ್‌ಪುಟ್ ತುದಿಯನ್ನು ಆಚೆ ಕಡೆ ಮಾಡಿದೆ. ಹಮ್ ಮುಕ್ಕಾಲು ಪಾಲು ಮಾಯ! ತೂತು ಕೊರೆಯುವ ಮುಂಚೆ ಎಲ್ಲವನ್ನೂ ಮೇಜಿನ ಮೇಲೆ ಹರಡಿ, ಓಡಿಸಿ, ತಿರುಗಿಸಿ ನೋಡಬೇಕಿತ್ತು. ಆದರೆ ಒಳಗೆ 320 ವೋಲ್ಟ್ ಇದೆ ಅನ್ನುವುದು ನೆನಪಿರಲಿ. ಸ್ವಿಚ್ ಆರಿಸಿದ ಮೇಲೂ ಕೆಪ್ಯಾಸಿಟರ್ ಅದನ್ನು ಹಿಡಿದುಕೊಂಡಿರುತ್ತದೆ. ರೆಸಿಸ್ಟರ್ ಹಿಡಿದು ಖಾಲಿ ಮಾಡಿ, ಮೀಟರ್ ಸೊನ್ನೆ ತೋರಿಸಿದ ಮೇಲಷ್ಟೇ ಕೈ ಹಾಕಿ.

ಎರಡನೆಯದು 12ಎಟಿ7. 1963ರ ನಂತರ ಫೆಂಡರ್ ಆಂಪ್‌ಗಳ ಒಳಗೇ ಬಂದ ರಿವರ್ಬ್‌ನ ಬಗೆ. ವಾಲ್ವಿನ ಎರಡೂ ಅರ್ಧಗಳನ್ನು ಜೋಡಿಸಿ, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಟ್ರಾನ್ಸ್‌ಫಾರ್ಮರ್ ಹಚ್ಚಿದರೆ ಡ್ರೈವರ್ ರೆಡಿ. ಬಿಸಿ ಕಡಿಮೆ, ತೂಕ ಕಡಿಮೆ. ಸದ್ದು ಮೆದು. ಟಿಪ್ ಟಿಪ್ ಬೇಕೆಂದು ಎಷ್ಟು ತಿರುಗಿಸಿದರೂ ಬರಲಿಲ್ಲ. ಆದರೆ ನಿಧಾನದ ಹಳೇ ಚಿತ್ರಗೀತೆಯೊಂದನ್ನು ನುಡಿಸಿದಾಗ ಇದೇ ಚೆನ್ನಾಗಿತ್ತು, ಸ್ವರದ ಹಿಂದೆ ಇನ್ನೊಂದು ಕೋಣೆ ತೆರೆದ ಹಾಗೆ. 6ವಿ6 ಅಂಥ ಕಡೆ ಸ್ವರಕ್ಕಿಂತ ಮುಂದೆ ಬಂದು ನಿಲ್ಲುತ್ತದೆ. ಆಂಪ್ ಒಳಗೇ ಸೇರಿಸುವವರಿಗೆ ನಾನು ಇದನ್ನೇ ಹೇಳುತ್ತೇನೆ. ಬೇರೆ ಪೆಟ್ಟಿಗೆ ಮಾಡುವಷ್ಟು ಕಷ್ಟಪಡುವುದಾದರೆ ಇದು ಸಪ್ಪೆ ಅನ್ನಿಸಬಹುದು.

ಮೂರನೆಯದು ಆಪ್‌ಆಂಪ್. ವಾಲ್ವ್ ಇಲ್ಲ, ಟ್ರಾನ್ಸ್‌ಫಾರ್ಮರ್ ಇಲ್ಲ, ಶಾಕ್ ಭಯ ಇಲ್ಲ, ಒಂದು ಸಂಜೆಯ ಕೆಲಸ. ಟ್ಯಾಂಕ್ ಮಾತ್ರ ಬೇರೆ ಬೇಕು, 1475 ಓಮ್ ಇನ್‌ಪುಟ್‌ನ ಎಫ್ ಬಗೆಯದು. 8 ಓಮ್ ಟ್ಯಾಂಕಿಗೆ ಸುಮಾರು 28 ಮಿಲಿಆಂಪಿಯರ್ ಬೇಕಾದರೆ ಇದಕ್ಕೆ 2 ಸಾಕು, ಹಾಗಾಗಿ ಪುಟ್ಟ ಚಿಪ್ಪೇ ಎಳೆಯುತ್ತದೆ. ಟ್ಯಾಂಕ್ ಬದಲಾದ್ದರಿಂದ ಇದು ನ್ಯಾಯವಾದ ಹೋಲಿಕೆ ಅಲ್ಲ, ಒಪ್ಪುತ್ತೇನೆ. ಮೂರರಲ್ಲಿ ಹಮ್ ಅತಿ ಕಡಿಮೆ ಇದ್ದದ್ದು ಇದರಲ್ಲೇ. ಮೆಲ್ಲಗೆ ನುಡಿಸಿದರೆ ವಾಲ್ವಿಗೂ ಇದಕ್ಕೂ ವ್ಯತ್ಯಾಸ ಹೇಳುವುದು ನನಗೂ ಕಷ್ಟ. ಜೋರಾಗಿ ಬಾರಿಸಿದಾಗ ಗೊತ್ತಾಗುತ್ತದೆ: 6ವಿ6 ಏಟನ್ನು ದುಂಡಗೆ ಮಾಡಿ ಕೊಡುತ್ತದೆ, ಚಿಪ್ ತನ್ನ ಮಿತಿ ಮುಟ್ಟಿದ ಕ್ಷಣ ಕರ್ ಅನ್ನುತ್ತದೆ.

ಈಗ ಮನೆಯಲ್ಲಿ ಉಳಿದಿರುವುದು 6ವಿ6 ಪೆಟ್ಟಿಗೆ. ಆಂಪ್ ಮೇಲೆ ಇಟ್ಟರೆ ಸ್ಪೀಕರ್ ನಡುಗಿ ಸ್ಪ್ರಿಂಗ್ ಊಳಿಡುತ್ತದೆ, ಅದಕ್ಕೆ ಕೆಳಗೆ ಹಳೇ ದಿಂಬಿನ ಮೇಲೆ ಕೂರಿಸಿದ್ದೇನೆ. 12ಎಟಿ7ರ ಟ್ರಾನ್ಸ್‌ಫಾರ್ಮರ್ ಗೆಳೆಯನ ಆಂಪ್ ಸೇರಿತು. ಆಪ್‌ಆಂಪ್ ಬೋರ್ಡನ್ನು ತಮ್ಮನ ಮಗ ಕೊಂಡೊಯ್ದಿದ್ದಾನೆ, ಅದರಲ್ಲಿ ಗಿಟಾರ್ ಬಿಟ್ಟು ಬೇರೆಲ್ಲ ಹಾಕಿ ನೋಡುತ್ತಿದ್ದಾನಂತೆ.