ಎರಡು ಗಾಮಾ ಕ್ಯಾಮೆರಾ, ಒಂದೇ ಫ್ಯಾಂಟಮ್: ಹಳೆಯ ಹರಳೋ, ಹೊಸ ಸಿಜೆಡ್‌ಟಿಯೋ?

ನಾನು ಕೆಲಸ ಮಾಡುವ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದಲ್ಲಿ ಈಗ ಎರಡು ಗಾಮಾ ಕ್ಯಾಮೆರಾಗಳಿವೆ. ರೋಗಿಗೆ ಕೊಟ್ಟ ವಿಕಿರಣ ಔಷಧಿ ಮೈಯೊಳಗಿಂದ ಸೂಸುವ ಗಾಮಾ ಕಿರಣಗಳನ್ನು ಹಿಡಿದು ಚಿತ್ರ ಮಾಡುವ ಯಂತ್ರಗಳಿವು. ಒಂದು ಸೋಡಿಯಂ ಅಯೋಡೈಡ್ ಹರಳಿನ, ಎರಡು ತಲೆಯ (ಕಿರಣ ಹಿಡಿಯುವ ಎರಡು ಚಪ್ಪಟೆ ಫಲಕಗಳ) ಹಳೆಯ ಕ್ಯಾಮೆರಾ. ಇನ್ನೊಂದು ಸಿಜೆಡ್‌ಟಿ, ಅಂದರೆ ಕ್ಯಾಡ್ಮಿಯಂ ಜಿಂಕ್ ಟೆಲ್ಯುರೈಡ್‌ನದು. ಅದರಲ್ಲಿ ರೋಗಿಯ ಸುತ್ತ ಬಳೆಯ ಹಾಗೆ 12 ತೋಳುಗಳಿವೆ. ಒಂದೊಂದು ತೋಳಿನ ತುದಿಯಲ್ಲೂ ಒಂದು ಡಿಟೆಕ್ಟರ್, ಅಂದರೆ ಕಿರಣ ಹಿಡಿಯುವ ಭಾಗ. ಹೊಸದು ಬಂದ ದಿನದಿಂದ ಎಲ್ಲರೂ ಕೇಳುವುದು ಒಂದೇ: ಯಾವುದು ಒಳ್ಳೆಯದು? ಅಲ್ಲೊಬ್ಬ ರೋಗಿಯ ಚಿತ್ರ, ಇಲ್ಲೊಬ್ಬ ರೋಗಿಯ ಚಿತ್ರ ಇಟ್ಟು ಹೋಲಿಸಿದರೆ ಅದು ನ್ಯಾಯ ಅಲ್ಲ, ಅಲ್ವಾ? ಅದಕ್ಕೇ ಫ್ಯಾಂಟಮ್‌ನಿಂದ ಶುರು ಮಾಡಿದೆ.

ಫ್ಯಾಂಟಮ್ ಅಂದರೆ ನೀರು ತುಂಬುವ ಪ್ಲಾಸ್ಟಿಕ್ ಡಬ್ಬ. ಒಳಗೆ ಆರು ಗಾತ್ರದ ಕಡ್ಡಿಗಳು ನಿಂತಿರುತ್ತವೆ. ದಪ್ಪದ್ದು 12.7 ಮಿ.ಮೀ., ಸಣ್ಣದ್ದು 4.8 ಮಿ.ಮೀ. ನೀರಿಗೆ ಗಾಮಾ ಕಿರಣ ಸೂಸುವ ಟೆಕ್ನೀಷಿಯಂ-99ಎಂ ಬೆರೆಸಿ ಚಿತ್ರ ತೆಗೆದರೆ ಎಷ್ಟು ಸಣ್ಣ ಕಡ್ಡಿಯವರೆಗೆ ಬಿಡಿಬಿಡಿಯಾಗಿ ಕಾಣುತ್ತದೆ ಎಂದು ನೋಡಬಹುದು. ಟೆಕ್ನೀಷಿಯಂನ ಅರ್ಧಾಯು 6 ಗಂಟೆ. ಎರಡನೇ ಸರದಿಗೆ ಬರುವ ಕ್ಯಾಮೆರಾಕ್ಕೆ ಕಿರಣ ಸ್ವಲ್ಪ ಕಡಿಮೆಯೇ ಸಿಗುತ್ತದೆ. ಬೇಕೆಂದೇ ಹೊಸದನ್ನು ಎರಡನೇ ಸರದಿಗೆ ಇಟ್ಟೆ.

ಹಳೆಯದರಲ್ಲಿ 9.5 ಮಿ.ಮೀ. ಕಡ್ಡಿಗಳು ಸ್ಪಷ್ಟವಾಗಿದ್ದವು, 7.9ರವು ಕಲಸಿಹೋಗಿದ್ದವು. ಹೊಸದರಲ್ಲಿ 7.9 ಸ್ಪಷ್ಟ, 6.4 ಅಲ್ಲಲ್ಲಿ ಗುರುತು ಸಿಗುವಷ್ಟು. ಖುಷಿಯಾಯಿತು. ಆದರೆ ಇದೆಲ್ಲ ಡಿಟೆಕ್ಟರ್‌ನದ್ದೇ ಗುಣ ಎಂದು ನಾನು ಹೇಳಲಾರೆ. ಹನ್ನೆರಡು ತೋಳುಗಳು ಮೈ ಹತ್ತಿರಕ್ಕೆ ಬರುತ್ತವೆ, ಮತ್ತು ದೂರ ಕಡಿಮೆಯಾದಷ್ಟೂ ಕೊಲಿಮೇಟರ್‌ನ (ನೇರ ಬರುವ ಕಿರಣಗಳನ್ನಷ್ಟೇ ಒಳಬಿಡುವ, ತೂತುಗಳಿರುವ ಲೋಹದ ತಟ್ಟೆಯ) ಮಸುಕು ಕಡಿಮೆ. ಚಿತ್ರ ಜೋಡಿಸುವ ಸಾಫ್ಟ್‌ವೇರ್ ಕೂಡ ಹೊಸದು. ಅಂಥ ಸಾಫ್ಟ್‌ವೇರ್ ಕೆಲವೊಮ್ಮೆ ಅಂಚುಗಳನ್ನು ಇರುವುದಕ್ಕಿಂತ ಜಾಸ್ತಿ ಹೊಳೆಯುವಂತೆ ಮಾಡುತ್ತದೆ. ಹೊಳಪು ಕಂಡ ಕೂಡಲೇ ನಂಬಬೇಡಿ. ಏನೂ ಇರದ, ಬರೀ ನೀರಿನ ಭಾಗ ಹೇಗೆ ಬಂದಿದೆ ಎಂದು ಮೊದಲು ನೋಡಿ.

ನನ್ನ ಮನಸ್ಸು ಗೆದ್ದಿದ್ದು ಚಿತ್ರದ ಚೂಪು ಅಲ್ಲ, ಶಕ್ತಿಯನ್ನು ಅಳೆಯುವ ನಿಖರತೆ.

1950ರ ದಶಕದ ಕೊನೆಯಲ್ಲಿ ಬರ್ಕ್ಲಿಯಲ್ಲಿ ಹಾಲ್ ಆಂಗರ್ ತೋರಿಸಿಕೊಟ್ಟ ಉಪಾಯವೇ ಇವತ್ತಿಗೂ ಹರಳಿನ ಕ್ಯಾಮೆರಾದ ಜೀವಾಳ. ಗಾಮಾ ಕಿರಣ ಹರಳಿಗೆ ಬಡಿದಾಗ ಬೆಳಕಿನ ಮಿಂಚು ಹುಟ್ಟುತ್ತದೆ. ಹಿಂದೆ ಸಾಲಾಗಿ ನಿಂತ ಫೋಟೋಮಲ್ಟಿಪ್ಲೈಯರ್ ಟ್ಯೂಬ್‌ಗಳು ಆ ಬೆಳಕನ್ನು ವಿದ್ಯುತ್ ಸಂಕೇತ ಮಾಡುತ್ತವೆ. ದಾರಿಯಲ್ಲಿ ಬೆಳಕು ಸೋರಿ ಹೋಗುತ್ತದೆ, ಟ್ಯೂಬಿನಲ್ಲೂ ಒಂದು ಪಾಲು ಹೋಗುತ್ತದೆ. ಹಾಗಾಗಿ ಟೆಕ್ನೀಷಿಯಂನ 140 ಕೆಇವಿ (ಕಿಲೋ ಎಲೆಕ್ಟ್ರಾನ್ ವೋಲ್ಟ್, ಕಿರಣದ ಶಕ್ತಿಯ ಅಳತೆ) ಕಿರಣ ಒಮ್ಮೆ 135 ಎಂದು, ಒಮ್ಮೆ 147 ಎಂದು ಓದಿಸಿಕೊಳ್ಳುತ್ತದೆ. ಈ ಹರವು ಸುಮಾರು ಶೇ. 10. ಸಿಜೆಡ್‌ಟಿಯಲ್ಲಿ ಬೆಳಕಿನ ಗೊಡವೆಯೇ ಇಲ್ಲ. ಕಿರಣ ಬಡಿದ ಜಾಗದಲ್ಲೇ ನೇರವಾಗಿ ವಿದ್ಯುತ್ ಕಣಗಳು ಹುಟ್ಟುತ್ತವೆ. 140 ಕೆಇವಿಯ ಒಂದೇ ಕಿರಣಕ್ಕೆ ಸುಮಾರು 30 ಸಾವಿರ ಜೋಡಿ. ಎಣಿಸಲು ಅಷ್ಟು ಸಿಕ್ಕಾಗ ತಪ್ಪುವುದು ಕಡಿಮೆ. ಹರವು ಶೇ. 5-6ಕ್ಕೆ ಇಳಿಯುತ್ತದೆ.

ಇದರಿಂದ ಏನು ಲಾಭ? ಪ್ಯಾರಾಥೈರಾಯ್ಡ್ (ಕತ್ತಿನಲ್ಲಿ ಥೈರಾಯ್ಡಿನ ಹಿಂದಿರುವ ಪುಟ್ಟ ಗ್ರಂಥಿ) ಗಂಟು ಹುಡುಕುವ ಪರೀಕ್ಷೆ ತೆಗೆದುಕೊಳ್ಳಿ. ಟೆಕ್ನೀಷಿಯಂ ಹಚ್ಚಿದ ಸೆಸ್ಟಾಮಿಬಿ ಎಂಬ ಔಷಧಿ ಥೈರಾಯ್ಡಿಗೂ ಹೋಗುತ್ತದೆ, ಪ್ಯಾರಾಥೈರಾಯ್ಡಿಗೂ ಹೋಗುತ್ತದೆ. ಅಯೋಡಿನ್-123 ಥೈರಾಯ್ಡಿಗೆ ಮಾತ್ರ. ಒಂದರಿಂದ ಇನ್ನೊಂದನ್ನು ಕಳೆದರೆ ಉಳಿಯುವುದು ಗಂಟು. ಒಂದಾದ ಮೇಲೆ ಒಂದು ತೆಗೆದರೆ ನಡುವೆ ರೋಗಿ ಕತ್ತು ಒಂಚೂರು ಅಲ್ಲಾಡಿಸಿದರೂ ಕಳೆಯುವ ಲೆಕ್ಕ ಕೆಡುತ್ತದೆ, ಇಲ್ಲದ ಗಂಟು ಕಾಣುತ್ತದೆ. ಎರಡನ್ನೂ ಒಟ್ಟಿಗೇ ತೆಗೆಯಬೇಕು. ಆದರೆ ಒಂದರ ಶಕ್ತಿ 140, ಇನ್ನೊಂದರದ್ದು 159 ಕೆಇವಿ. ಹಳೆಯ ಕ್ಯಾಮೆರಾದ ಮಾಮೂಲಿ ಶೇ. 20ರ ಕಿಟಕಿ (ಎಣಿಕೆಗೆ ತೆಗೆದುಕೊಳ್ಳುವ ಶಕ್ತಿಯ ವ್ಯಾಪ್ತಿ) ಇಟ್ಟರೆ ಮೊದಲನೆಯದು 126ರಿಂದ 154, ಎರಡನೆಯದು 143ರಿಂದ 175. ಒಂದರ ಮೇಲೊಂದು ಹತ್ತಿ ಕೂರುತ್ತವೆ. ಕಿಟಕಿ ಕಿರಿದು ಮಾಡಿದರೆ ಕೌಂಟ್ಸ್, ಅಂದರೆ ಎಣಿಕೆಗೆ ಸಿಗಬೇಕಾದ ಕಿರಣಗಳು, ಕೈಬಿಟ್ಟು ಹೋಗುತ್ತವೆ. ಹೊಸದರಲ್ಲಿ ಸ್ಪೆಕ್ಟ್ರಮ್ (ಯಾವ ಶಕ್ತಿಯ ಕಿರಣ ಎಷ್ಟು ಬಂತು ಎಂದು ತೋರಿಸುವ ನಕ್ಷೆ) ತೆರೆದಾಗ ಎರಡು ಶಿಖರಗಳು ನಡುವೆ ಕಣಿವೆ ಬಿಟ್ಟು ನಿಂತಿದ್ದವು. ಇಷ್ಟು ವರ್ಷ ಒಂದೇ ಗುಡ್ಡದ ಹಾಗೆ ನೋಡಿದ್ದು ಅವತ್ತು ಎರಡಾಗಿ ಕಂಡಿತು. ನಾನು ಸ್ವಲ್ಪ ಹೊತ್ತು ಸುಮ್ನೆ ನೋಡುತ್ತಾ ಕೂತಿದ್ದೆ.

ಇಲ್ಲೊಂದು ಎಚ್ಚರಿಕೆ. ಸಿಜೆಡ್‌ಟಿ ಶಿಖರದ ಎಡಕ್ಕೆ ಒಂದು ಬಾಲ ಇರುತ್ತದೆ. ಕೆಲವು ವಿದ್ಯುತ್ ಕಣಗಳು ದಾರಿಯಲ್ಲೇ ಸಿಕ್ಕಿಹಾಕಿಕೊಳ್ಳುತ್ತವೆ, ಕೆಲವು ಪಕ್ಕದ ಪಿಕ್ಸೆಲ್‌ಗೆ ಹಂಚಿಹೋಗುತ್ತವೆ. ಆಗ ಕಿರಣದ ಶಕ್ತಿ ಕಡಿಮೆ ಎಂದು ದಾಖಲಾಗುತ್ತದೆ. ಅಯೋಡಿನ್-123ರ ಬಾಲ ನೇರವಾಗಿ ಟೆಕ್ನೀಷಿಯಂ ಕಿಟಕಿಯೊಳಗೆ ಬೀಳುತ್ತದೆ. ಅದನ್ನು ಸರಿಪಡಿಸುವ ಲೆಕ್ಕ ಹಾಕದೆ ಹೊಸ ಕ್ಯಾಮೆರಾದಲ್ಲಿ ಹೀಗೆ ಎರಡು ಐಸೊಟೋಪ್ ಒಟ್ಟಿಗೆ ಬಳಸುವ ಪರೀಕ್ಷೆ ಮಾಡಬಾರದು.

ಹೃದಯದ ಪರೀಕ್ಷೆಯಲ್ಲಿ ಹೊಸದೇ ಮೇಲು, ಅದರಲ್ಲಿ ಮಾತೇ ಇಲ್ಲ. ಹಳೆಯದರಲ್ಲಿ ಹದಿನೈದು ನಿಮಿಷದ ಹತ್ತಿರ ಕೈ ತಲೆಯ ಮೇಲಿಟ್ಟು ಮಲಗಬೇಕು. ಭುಜ ನೋಯುವವರಿಗೆ ಅದು ಶಿಕ್ಷೆ. ಹೊಸದರಲ್ಲಿ ಐದಾರು ನಿಮಿಷಕ್ಕೆ ಮುಗಿಸಿದೆ. ಹಿಂದೆ ಹಳೆಯದರಲ್ಲಿ ಮಲಗಿದ್ದ ಅಜ್ಜಿಯೊಬ್ಬರು ಎದ್ದು ಕೂತು, 'ಇಷ್ಟೇನಾ ಮಗಾ? ಹೋದ ಸಲ ತೋಳು ಬಿದ್ದೇ ಹೋಗಿತ್ತು' ಎಂದರು. ಸಮಯ ಉಳಿಸುವ ಬದಲು ಔಷಧಿಯ ಪ್ರಮಾಣವನ್ನೂ ಇಳಿಸಬಹುದು. ಎರಡನ್ನೂ ಒಟ್ಟಿಗೇ ಕಡಿಮೆ ಮಾಡಿದರೆ ಚಿತ್ರದಲ್ಲಿ ಮತ್ತೆ ಕಾಳುಕಾಳು ಶುರುವಾಗುತ್ತದೆ. ಒಂದನ್ನು ಆರಿಸಿಕೊಳ್ಳಿ.

ಇನ್ನು ಹಳೆಯದು ಗೆಲ್ಲುವ ಜಾಗಗಳು. ಥೈರಾಯ್ಡ್ ಕ್ಯಾನ್ಸರಿಗೆ ಅಯೋಡಿನ್-131 ಕೊಟ್ಟ ಮೇಲೆ ಮೈಯೆಲ್ಲಾ ಸ್ಕ್ಯಾನ್ ಮಾಡಬೇಕು. ಅದರ ಮುಖ್ಯ ಕಿರಣ 364 ಕೆಇವಿ. ನಮ್ಮ ಹೊಸ ಕ್ಯಾಮೆರಾ ಅಲ್ಲಿಯವರೆಗೆ ಏರುವುದೇ ಇಲ್ಲ, ಅದರ ಕೊಲಿಮೇಟರ್ ಕೂಡ ಬಿಚ್ಚಿ ಬದಲಿಸುವಂಥದ್ದಲ್ಲ. ಚಿಕಿತ್ಸೆಗೆ ಬಳಸುವ ಇನ್ನೊಂದು ವಿಕಿರಣ ವಸ್ತು ಲುಟೀಷಿಯಂ-177ರ 208 ಕೆಇವಿ ಆದರೆ ಚೆನ್ನಾಗಿಯೇ ಹಿಡಿಯುತ್ತದೆ. ಹಳೆಯದರಲ್ಲಿ ದಪ್ಪ ಸೀಸದ ಕೊಲಿಮೇಟರ್ ಗಾಡಿಯಲ್ಲಿ ತಳ್ಳಿಕೊಂಡು ಬಂದು ಹಾಕಿದರೆ ಕೆಲಸ ಶುರು. ಕಿಡ್ನಿಯಲ್ಲಿ ಔಷಧಿ ಹರಿದು ಹೋಗುವುದನ್ನು ಕ್ಷಣಕ್ಷಣಕ್ಕೂ ಹಿಡಿಯುವ ರೀನೋಗ್ರಾಮ್‌ಗೂ ಚಪ್ಪಟೆ ತಲೆಯ ಕ್ಯಾಮೆರಾವೇ ನಮಗೆ ಆಸರೆ. ಎಲುಬಿನ ಸ್ಕ್ಯಾನಿನಲ್ಲಿ ನಮ್ಮ ಡಾಕ್ಟರ್ ತಲೆಯಿಂದ ಕಾಲಿನವರೆಗಿನ ಒಂದೇ ಉದ್ದದ ಚಿತ್ರ ಕೇಳುತ್ತಾರೆ. ಹೊಸದು ಅದನ್ನು ಮೂರು ಆಯಾಮದ ಚಿತ್ರದಿಂದ ಲೆಕ್ಕ ಹಾಕಿ ಮಾಡಿಕೊಡುತ್ತದೆ. ಬೆನ್ನುಮೂಳೆಯ ಒಳಗಿನ ಚುಕ್ಕೆ ಹೊಸದರಲ್ಲೇ ಚೆನ್ನಾಗಿ ಕಾಣುತ್ತದೆ, ಆದರೂ ಕಣ್ಣು ಒಗ್ಗಲು ದಿನ ಬೇಕು.

ಕಾಳಜಿಯ ವಿಷಯದಲ್ಲಿ ಹಳೆಯದು ತುಂಬಾ ನಾಜೂಕು. ಆ ಹರಳು ಗಾಳಿಯ ತೇವ ಹೀರುತ್ತದೆ, ಬಿಸಿ ಬೇಗ ಏರಿಳಿದರೆ ಸೀಳುತ್ತದೆ. ಹಿಂದೆ ಕೆಲಸ ಮಾಡಿದ ಕಡೆ ರಾತ್ರಿ ಎಸಿ ನಿಂತು, ಬೆಳಗ್ಗೆ ಫ್ಲಡ್ ಚಿತ್ರದಲ್ಲಿ (ತಲೆಯ ಮೇಲೆಲ್ಲಾ ಒಂದೇ ಸಮ ಕಿರಣ ಬಿಟ್ಟು ತೆಗೆಯುವ ಪರೀಕ್ಷಾ ಚಿತ್ರ) ಒಣಗಿದ ಕೊಂಬೆಯಂಥ ಗೆರೆ ಕಂಡಿತ್ತು. ಆ ತಲೆ ಮತ್ತೆ ಕೆಲಸಕ್ಕೆ ಬರಲಿಲ್ಲ. ಟ್ಯೂಬ್‌ಗಳೂ ನಿಧಾನವಾಗಿ ಹದ ತಪ್ಪುತ್ತವೆ. ಹೊಸದರಲ್ಲಿ ಪಿಕ್ಸೆಲ್ ಸತ್ತರೆ ಆ ಚೌಕ ಮಾತ್ರ ಹೋಗುತ್ತದೆ.

ಪಕ್ಕದ ಕೋಣೆಯ ಪೆಟ್ ಸ್ಕ್ಯಾನರ್ ಬದಲಾದಾಗಲೂ ಇಂಥದ್ದೇ ಹೋಲಿಕೆ ಮಾಡಿದ್ದೆ. ಅಲ್ಲಿ ಎರಡರಲ್ಲೂ ಹರಳಿದೆ, ಟ್ಯೂಬಿನ ಜಾಗಕ್ಕೆ ಸಿಲಿಕಾನ್ ಫೋಟೋಮಲ್ಟಿಪ್ಲೈಯರ್ ಬಂದಿದೆ. ಪೆಟ್‌ನಲ್ಲಿ ಮೈಯೊಳಗಿನ ಔಷಧಿಯಿಂದ ಎದುರುಬದುರು ಹೊರಟ ಎರಡು ಕಿರಣಗಳು ತಲುಪುವ ಸಮಯದ ವ್ಯತ್ಯಾಸವನ್ನು 500 ಪಿಕೋಸೆಕೆಂಡಿನಷ್ಟು ನಿಖರವಾಗಿ ಅಳೆದರೆ ಮೂಲದ ಜಾಗ 7.5 ಸೆಂ.ಮೀ. ಒಳಗೆ ಸಿಗುತ್ತದೆ. ಸುಮಾರು 210ಕ್ಕೆ ಇಳಿದರೆ 3 ಸೆಂ.ಮೀ. ಚಿಲ್ಲರೆ. ದಪ್ಪ ಮೈಯವರಲ್ಲಿ ಇದರ ಲಾಭ ಎದ್ದು ಕಾಣುತ್ತದೆ. ಇಲ್ಲಿ ಹಳೆಯದರ ಪರವಾಗಿ ಹೇಳಲು ನನ್ನ ಬಳಿ ಏನೂ ಇಲ್ಲ.

ಗಾಮಾ ಕ್ಯಾಮೆರಾದ ಮಾತು ಬೇರೆ. ವಿಭಾಗದಲ್ಲಿ ಒಂದೇ ಕ್ಯಾಮೆರಾ ಇಡಲು ಜಾಗ ಇದ್ದರೆ ನಾನು ಹರಳಿನದನ್ನೇ ಕೇಳುತ್ತೇನೆ. ಹೊಸದು ಅಷ್ಟು ಇಷ್ಟವಾಗಿದ್ದರೂ ಅಷ್ಟೇ. ಅಯೋಡಿನ್-131 ನುಂಗಿ ದಿನಗಟ್ಟಲೆ ಒಬ್ಬರೇ ಕೋಣೆಯಲ್ಲಿದ್ದು ಹೊರಬಂದವರಿಗೆ, ಸ್ಕ್ಯಾನಿಗೆ ಬೇರೆ ಕಡೆ ಹೋಗಿ ಎಂದು ನನ್ನಿಂದ ಹೇಳಲಾಗದು. ಎರಡನೇ ಕೋಣೆ ಸಿಕ್ಕ ದಿನ ಸಿಜೆಡ್‌ಟಿ ಬರಲಿ. ಮೊದಲ ಸರದಿ ಭುಜ ನೋಯುವ ಅಜ್ಜಿಯದು.