ಟೈರ್ ಅಂಗಡೀಲಿ ಏರ್ ಗನ್‌ನಲ್ಲಿ ನಟ್ ಬಿಗಿದು ಕಳಿಸಿದ್ರೆ ಹಾಗೇ ಹೊರಡ್ಬೇಡಿ

ಕಾರವಾರ, ಅಂಕೋಲಾ, ಕುಮಟಾ ಕಡೆ ಟೈರ್ ಹಾಕಿಸೋರು ಇದನ್ನ ಒಂದ್ಸಲ ಓದಿ. ಅಂಗಡಿ ಹೆಸರು ಹೇಳಲ್ಲ, ಯಾಕಂದ್ರೆ ಈ ಚಟ ಒಂದೇ ಅಂಗಡಿದಲ್ಲ.

ಮಳೆಗಾಲ ಶುರುವಾಗೋ ಮುಂಚೆ ನಾಲ್ಕೂ ಟೈರ್ ಹೊಸದು ಹಾಕ್ಸಿದ್ದೆ. ಅಲ್ಲಿ ಹುಡುಗ ಏರ್ ಗನ್ (ಗಾಳಿ ಒತ್ತಡದಲ್ಲಿ ನಟ್ ತಿರುಗಿಸೋ ಮೆಷಿನ್) ಹಿಡ್ಕೊಂಡು ಒಂದೊಂದು ನಟ್ಟಿಗೂ ಟರ್ರ್ ಅಂತ ಅದು ನಿಲ್ಲೋವರೆಗೂ ಒತ್ತಿದ. ಕೊನೇ ಬಿಗಿ ಕೈಯಲ್ಲಿ ಮಾಡೋ ಅಂದಿದ್ದಕ್ಕೆ "ಫುಲ್ ಟೈಟ್ ಇದೆ ಸರ್, ಜನ್ಮದಲ್ಲಿ ಬಿಚ್ಚಲ್ಲ" ಅಂದ. ಆ ಮಾತು ಮಾತ್ರ ನೂರಕ್ಕೆ ನೂರು ನಿಜ ಆಯ್ತು ಮಾರಾಯ್ರೆ.

ಆಯಿನ ಕೂರಿಸ್ಕೊಂಡು ಶಿರಸಿಗೆ ಹೊರಟಿದ್ದೆ, ದೇವಿಮನೆ ಘಟ್ಟ ಹತ್ತುವಾಗ ಮುಂದಿನ ಎಡಗಡೆ ಚಕ್ರ ಪಂಕ್ಚರ್, ಮಳೆ ಬೇರೆ ಹೊಡೀತಾ ಇದೆ, ಮೊಬೈಲಿಗೆ ರೇಂಜ್ ಇಲ್ಲ. ಸ್ಟೆಪ್ನಿ ಇದೆ, ಜಾಕ್ ಇದೆ, ನಟ್ ಮಾತ್ರ ಒಂದಿಂಚೂ ಅಲ್ಲಾಡ್ಲಿಲ್ಲ. ಪಾನಾ ಮೇಲೆ ನಿಂತ್ರೂ ಇಲ್ಲ. ಪಾಪ, ಒಬ್ರು ಲಾರಿ ಡ್ರೈವರ್ ನಿಲ್ಲಿಸಿ, "ಎಂತ ಇದು, ವೆಲ್ಡಿಂಗ್ ಮಾಡಿಟ್ಟಿದ್ರಾ?" ಅಂತ ನಗ್ತಾ ಉದ್ದ ಪೈಪ್ ತಂದು ಪಾನಾಗೆ ಸಿಗಿಸಿದ್ರು. ಮೂರು ಬಿಚ್ತು, ನಾಲ್ಕನೇದು ಟಣ್ ಅಂತ ಸ್ಟಡ್ಡೇ (ನಟ್ ಹತ್ತೋ ಬೋಲ್ಟು) ಮುರೀತು. ನಾಲ್ಕೇ ನಟ್ ಇರೋ ಗಾಡೀಲಿ ಮೂರರ ಮೇಲೆ, ಆಯಿ ದೇವರ ಹೆಸರು ಹೇಳ್ಕೋತಾ ಕೂತಿರುವಾಗ, ತೆವಳ್ಕೊಂಡು ಶಿರಸಿ ಸೇರಿದ್ವಿ.

ಶಿರಸಿ ಮೆಕ್ಯಾನಿಕ್ ಚಕ್ರ ಬಿಚ್ಚಿ ಉಳಿದ ಸ್ಟಡ್ ತೋರಿಸಿದ್ರು. ನಟ್ಟು ಬೆರಳಲ್ಲಿ ಅರ್ಧದವರೆಗೆ ಸಲೀಸಾಗಿ ಹೋಗಿ ಅಲ್ಲೇ ಹಿಡ್ಕೊಳ್ತಿತ್ತು, ಅಂದ್ರೆ ಸ್ಟಡ್ ಎಳೆದು ಉದ್ದ ಆಗಿ ಥ್ರೆಡ್ ಕೆಟ್ಟಿದೆ. ನಟ್ ಬಿಗಿದಾಗ ಸ್ಟಡ್ ಚೂರೇ ಚೂರು ಎಳೆಯುತ್ತೆ, ಹಾಗೆ ಎಳೆದಿರೋ ಬಲದಿಂದಾನೇ ಚಕ್ರ ಹಬ್ಬಿಗೆ (ಚಕ್ರ ಕೂರೋ ನಡುಭಾಗ) ಒತ್ಕೊಂಡು ನಿಲ್ಲೋದು. ಒಂದು ಮಿತಿ ದಾಟಿ ಎಳೆದ್ರೆ ಅದು ವಾಪಸ್ ಬರಲ್ಲ, ಹಿಡಿತ ಹೋಗುತ್ತೆ, ಒಂದಿನ ಓಡೋವಾಗ್ಲೇ ಮುರೀಬಹುದು. ಒಂದು ನಟ್ ಜಾಸ್ತಿ ಒಂದು ಕಮ್ಮಿ ಬಿಗಿದ್ರೆ ಬ್ರೇಕ್ ಡಿಸ್ಕ್ ಸೊಟ್ಟ ಕೂತು ಬ್ರೇಕ್ ಹೊಡೆದಾಗ ಪೆಡಲ್ ನಡುಗುತ್ತೆ, ನನ್ನ ಗಾಡೀಲಿ ಅದೂ ಶುರುವಾಗಿತ್ತು, ನಾನು ಹೊಸ ಟೈರ್ ಬ್ಯಾಲೆನ್ಸಿಂಗ್ ಸರಿ ಇಲ್ವೇನೋ ಅನ್ಕೊಂಡಿದ್ದೆ. ಆ ಚಕ್ರದ ಸ್ಟಡ್ ಎಲ್ಲಾ ಬದಲಾಯಿಸ್ಬೇಕಾಯ್ತು.

ಎಷ್ಟು ಬಿಗಿ ಬೇಕು ಅನ್ನೋದು ಗಾಡಿ ಜೊತೆ ಬಂದ ಪುಸ್ತಕದಲ್ಲೇ ಇರುತ್ತೆ, ಸಣ್ಣ ಕಾರಿಗೆ ಸಾಮಾನ್ಯವಾಗಿ 85ರಿಂದ 110 ನ್ಯೂಟನ್ ಮೀಟರ್ (ತಿರುಗಿಸೋ ಬಲ, ಅಂದ್ರೆ ಟಾರ್ಕ್ ಅಳೆಯೋ ಲೆಕ್ಕ) ಒಳಗೆ, ನಿಮ್ಮ ಗಾಡಿದು ನೀವೇ ನೋಡ್ಕೊಳ್ಳಿ. ಒಂದಡಿ ಪಾನಾ ತುದೀಲಿ ಮೂವತ್ತೈದು ಕೆಜಿ ಅಷ್ಟು ಭಾರ ಬಿಟ್ರೆ ನೂರರ ಆಸುಪಾಸು ಬರುತ್ತೆ. ಎಪ್ಪತ್ತು ಕೆಜಿ ಮನುಷ್ಯ ಅದರ ಮೇಲೆ ಹತ್ತಿ ನಿಂತ್ರೆ ಇನ್ನೂರು ದಾಟ್ತು! ದೊಡ್ಡ ಏರ್ ಗನ್ ಅದಕ್ಕಿಂತ ಎಷ್ಟೋ ಜಾಸ್ತಿ ಕೊಡುತ್ತೆ, ಹಿಡಿದ ಹುಡುಗನಿಗೆ ಎಷ್ಟು ಅಂತ ಗೊತ್ತೇ ಆಗಲ್ಲ.

ಹಾಗಾಗಿ ಅಂಗಡೀಲಿ ನಟ್ಟನ್ನ ಮೊದ್ಲು ಬೆರಳಲ್ಲೇ ಹತ್ತಿಸಿ, ಎದುರುಬದುರು ನಟ್ ಹಿಡಿದು ಸ್ವಲ್ಪ ಬಿಗಿ ಮಾಡ್ಸಿ, ಗಾಡಿ ಕೆಳಗಿಳಿದ ಮೇಲೆ ಕೊನೇ ಬಿಗಿ ಟಾರ್ಕ್ ವ್ರೆಂಚ್‌ನಲ್ಲೇ (ಎಷ್ಟು ಬಿಗಿ ಆಯ್ತು ಅಂತ ಅಳೆದು ಹೇಳೋ ಪಾನಾ) ಕೇಳಿ. ಅದು ಇಲ್ಲ ಅಂದ್ರೆ ಡಿಕ್ಕಿಲಿರೋ ನಿಮ್ಮದೇ ಪಾನಾ ಕೊಡಿ. ಹೊರಡೋ ಮುಂಚೆ ಅದೇ ಪಾನಾದಲ್ಲಿ ಪ್ರತಿ ನಟ್ಟನ್ನೂ ಒಂದ್ಸಲ ಸಡಿಲ ಮಾಡಿ ವಾಪಸ್ ಬಿಗೀರಿ, ಅಲ್ಲಿ ಬಿಚ್ಚದೇ ಇರೋದು ಘಟ್ಟದಲ್ಲೂ ಬಿಚ್ಚಲ್ಲ. ಹುಡುಗ ಮುಖ ಸಿಂಡರಿಸ್ತಾನೆ, ಸಿಂಡರಿಸ್ಲಿ. ಐವತ್ತು ನೂರು ಕಿಲೋಮೀಟರ್ ಓಡಿದ ಮೇಲೆ ಇನ್ನೊಂದ್ಸಲ ಬಿಗಿ ನೋಡಿ, ಕಮ್ಮಿ ಬಿಗಿನೂ ಅಪಾಯಾನೇ.

ಇನ್ನೊಂದು, ನಮ್ಮ ಕಡಲ ಗಾಳಿಗೆ ತುಕ್ಕು ಬೇಗ ಹಿಡಿಯುತ್ತೆ ಅಂತ ಸ್ಟಡ್ಡಿಗೆ ಎಣ್ಣೆ ಗ್ರೀಸ್ ಬಳಿಯೋರು ತುಂಬಾ ಜನ. ಎಣ್ಣೆಯಿಂದ ಥ್ರೆಡ್ ನುಣುಪಾದ್ರೆ ಅದೇ ಟಾರ್ಕಿಗೆ ಸ್ಟಡ್ ಇನ್ನೂ ಜಾಸ್ತಿ ಎಳೆಯುತ್ತೆ. ವೈರ್ ಬ್ರಷ್‌ನಲ್ಲಿ ಉಜ್ಜಿ ಒಣಗಿಸಿ ಹಾಕಿ, ಪುಸ್ತಕದಲ್ಲಿರೋ ಲೆಕ್ಕ ಸಾಮಾನ್ಯವಾಗಿ ಒಣ ಥ್ರೆಡ್ಡಿಗೆ. ಕಾರವಾರದಲ್ಲಿ ಟಾರ್ಕ್ ವ್ರೆಂಚ್ ಇಟ್ಕೊಂಡು ಕೆಲ್ಸ ಮಾಡೋ ಅಂಗಡಿ ಯಾರಿಗಾದ್ರೂ ಗೊತ್ತಿದ್ರೆ ಹೇಳಿ, ಹಿಂದಿನ ಎರಡು ಚಕ್ರದ್ದು ಇನ್ನೂ ನೋಡಿಸ್ಬೇಕು.